ತಳ ಮುಟ್ಟದ ಪೈಪು

ದೂರು ಠಾಣೆಗೆ ಬಂದದ್ದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ತಂದವನು ದೋಣಿಯ ಮಾಲೀಕ. ಅಂಗಿಯ ತೋಳಿಗೆ ಮಸಿ ಹತ್ತಿದ್ದರೂ ಮಾತು ಇಸ್ತ್ರಿ ಹಾಕಿದಂತಿತ್ತು. ಮಂಗಳವಾರ ಮಧ್ಯಾಹ್ನ ಜೆಟ್ಟಿಗೆ ಕಟ್ಟಿದ್ದ ತನ್ನ ಪ್ರವಾಸಿ ಮೋಟಾರು ದೋಣಿಗೆ ಪೆಟ್ರೋಲ್ ತುಂಬಿಸಿದ ಚಾಲಕ, ಬ್ಲೋವರ್ ಹಾಕದೆ ಜನರೇಟರ್ ಚಾಲೂ ಮಾಡಿದ. ಎಂಜಿನ್ ಕೋಣೆ ಸಿಡಿದು ದೋಣಿಯ ಹಿಂಭಾಗ ಸುಟ್ಟಿತು. ಚಾಲಕನ ಎರಡೂ ಕೈ ಬೆಂದವು. ಇದು ದೂರಿನ ಸಾರ.

“ಬ್ಲೋವರ್ ಹಾಕದೇ ಇದ್ದದ್ದು ನೀವು ನೋಡಿದ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

“ನೋಡೋದೇನಿದೆ ಮೇಡಂ? ಹಾಕಿದ್ರೆ ಸಿಡೀತಿತ್ತಾ?”

ಎಫ್‌ಐಆರ್ ದಾಖಲಾಯಿತು. ಆರೋಪಿ ಚಾಲಕ; ಆರೋಪ ನಿರ್ಲಕ್ಷ್ಯ. ಸಾಬೀತಾದರೆ ಅವನ ಲೈಸೆನ್ಸ್ ಹೋಗುತ್ತದೆ, ಮತ್ತೆ ಚುಕ್ಕಾಣಿ ಹಿಡಿಯುವ ಮಾತೇ ಇಲ್ಲ.

ಆಸ್ಪತ್ರೆಯಲ್ಲಿ ಚಾಲಕ ಎರಡೂ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಒರಗಿದ್ದ. ಹುಬ್ಬು ಸುಟ್ಟುಹೋಗಿ ಮುಖಕ್ಕೆ ಸದಾ ಆಶ್ಚರ್ಯಪಟ್ಟವನ ಕಳೆ ಬಂದಿತ್ತು. ಹೆಂಡತಿ ಚಮಚದಲ್ಲಿ ನೀರು ಕುಡಿಸುತ್ತಿದ್ದಳು.

“ಮೊದಲಿಂದ ಹೇಳಿ.”

“ಪೆಟ್ರೋಲ್ ಹಾಕಿಸ್ದೆ. ಕೆಂಪು ಬಟ್ಟೆ ಕಟ್ಟಿದೆ. ಬ್ಲೋವರ್ ಹಾಕ್ದೆ.”

“ಕೆಂಪು ಬಟ್ಟೆ ಯಾಕೆ?”

“ನಮ್ಮ ಜೆಟ್ಟೀಲಿ ಹಾಗೇ ಮೇಡಂ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಎಂಜಿನ್ ಕೋಣೆ ತಳಕ್ಕೆ ಹೋಗಿ ಕೂರುತ್ತೆ. ಬ್ಲೋವರ್ ಅಂದ್ರೆ ಬ್ಯಾಟರಿ ಫ್ಯಾನು. ಆ ಆವೀನ ಪೈಪಲ್ಲಿ ಎಳೆದು ಹೊರಗೆ ಊದುತ್ತೆ. ಹೊರಗೆ ಬಂದದ್ದು ಪಕ್ಕದೋರ ಒಲೆಗೆ ತಾಗಬಾರದಲ್ಲ? ಬಟ್ಟೆ ಕಂಡ್ರೆ ಎಲ್ರೂ ಒಲೆ, ಬೀಡಿ ಆರಿಸ್ತಾರೆ. ನಾಲ್ಕು ನಿಮಿಷ ಬಿಟ್ಟ ಮೇಲೇ ಎಂಜಿನ್ನಾಗ್ಲಿ, ಜನರೇಟರಾಗ್ಲಿ.”

“ನಾಲ್ಕು ನಿಮಿಷ ಬಿಟ್ರಾ?”

“ಜಾಸ್ತಿನೇ ಬಿಟ್ಟೆ. ಗಾಳಿ ಬರೋ ಕಿಂಡಿಗೆ ಅಂಗೈ ಇಟ್ಟು ನೋಡ್ದೆ, ಬರ್ತಿತ್ತು. ಎಂಜಿನ್ ಕೋಣೆ ಮುಚ್ಚಳ ತೆಗೆದು ಮೂಸಿ ನೋಡ್ದೆ, ವಾಸನೆ ಇರ್ಲಿಲ್ಲ. ಜನರೇಟರ್ ಸ್ವಿಚ್ ಒತ್ತಿದೆ…” ಅವನು ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡ.

ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು. “ಮನೇಲಿ ಗ್ಯಾಸ್ ಹಚ್ಚೋ ಮುಂಚೆನೂ ‘ಕಿಟಕಿ ತೆಗೆದಿಯೇನೇ’ ಅಂತ ಮೂರು ಸಲ ಕೇಳೋ ಮನುಷ್ಯ ಮೇಡಂ ಇವ್ರು. ಹೊತ್ತಿಗೆ ಸರಿಯಾಗಿ ಒಂದು ಲೋಟ ಕಾಫಿ ಆಗಿದ್ದಿಲ್ಲ ನಮ್ಮನೇಲಿ. ಇವ್ರ ಮೇಲೆ ಕೇಸಾ?”

“ಇದೆಲ್ಲಾ ಯಾರು ಕಲಿಸಿದ್ದು?”

“ಮೇಷ್ಟ್ರು,” ಎಂದಾಗ ಚಾಲಕನ ಬೆಂದ ಮುಖ ಅರಳಿತು. “ಜೆಟ್ಟಿ ಮೆಕ್ಯಾನಿಕ್ಕು. ನಮಗೆಲ್ಲಾ ಅವರೇ ಗುರುಗಳು.”

ಜೆಟ್ಟಿಯಲ್ಲಿ ಪಕ್ಕದ ದೋಣಿಯ ಅಡುಗೆಯವನನ್ನು ಠಾಣೆಯ ದಫೇದಾರ್ ಹಿಡಿದು ನಿಲ್ಲಿಸಿದ.

“ಕೆಂಪು ಬಟ್ಟೆ ಕಟ್ಟಿದ್ನಾ?”

“ಕಟ್ಟದೇ ಇರ್ತಾನಾ ಸಾರ್? ಒಂದು ದೋಣಿ ಜನಕ್ಕೆ ಅನ್ನ ಇಟ್ಟಿದ್ದೆ. ಅರ್ಧ ಬೆಂದಿತ್ತು, ಒಲೆ ಆರಿಸ್ದೆ. ‘ಬೇಗ ಬಿಚ್ಚೋ ಪುಣ್ಯಾತ್ಮ’ ಅಂತ ಕೂಗಿದ್ರೆ ‘ಸ್ವಲ್ಪ ತಡಿಯಪ್ಪ’ ಅಂದ. ಅವನ ದೋಣಿ ಹೋಯ್ತು, ನನ್ನ ಅನ್ನ ಅಂಟಾಯ್ತು.”

“ಬ್ಲೋವರ್ ಸದ್ದು ಕೇಳಿಸ್ತಾ?”

“ಗುಂಯ್ ಅಂತಿತ್ತು. ಬಯ್ಕೊಂಡು ಕೇಳಿಸ್ಕೊಂಡೆ.”

ಹಾಗಾದರೆ ಬ್ಲೋವರ್ ಓಡಿತ್ತು. ಓಡಿಯೂ ಆವಿ ಉಳಿದದ್ದು ಹೇಗೆ? ಇನ್ಸ್‌ಪೆಕ್ಟರ್ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದರು.

ಎಂಜಿನ್ ಕೋಣೆ ಒಲೆಯ ಒಳಗಿನಂತೆ ಕಪ್ಪಾಗಿತ್ತು. ತಂತಿಗಳ ಹೊದಿಕೆ ಕರಗಿ ಹನಿಹನಿಯಾಗಿ ಗಟ್ಟಿಯಾಗಿತ್ತು. ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಜನರೇಟರ್. ಎರಡು ವಾರದ ಹಿಂದೆ ಮೇಷ್ಟ್ರೇ ಕೂರಿಸಿದ ಹೊಸದು. ಅದಕ್ಕೆ ಪೆಟ್ರೋಲ್ ಒಯ್ಯುವ ನಳಿಗೆಯ ಜೋಡಣೆ ಅದುರಿ ಅದುರಿ ಸಡಿಲಗೊಂಡಿತ್ತು. ಆವಿ ಬಂದ ದಾರಿ ಅದು. ಹೊರಗೆ ಹೋಗಬೇಕಿದ್ದ ದಾರಿ ಬ್ಲೋವರಿನ ಪೈಪು.

ಇನ್ಸ್‌ಪೆಕ್ಟರ್ ಮಂಡಿಯೂರಿ ಟಾರ್ಚ್ ಬಿಟ್ಟರು. “ದಫೇದಾರ್, ಈ ಪೈಪ್ ನೋಡಿ.”

“ಚೆನ್ನಾಗಿದೆ ಮೇಡಂ.”

“ಅದೇ. ಯಾಕೆ ಚೆನ್ನಾಗಿದೆ?”

ತಂತಿಗಳ ಹೊದಿಕೆಯೇ ಕರಗಿದ ಬೆಂಕಿಯಲ್ಲಿ ಪ್ಲಾಸ್ಟಿಕ್ ಪೈಪು ಮಸಿ ಕೂಡ ಹತ್ತದೆ ನಿಂತಿತ್ತು. ಆಕೆ ಅದನ್ನು ಹಿಡಿದು ಕೆಳಗೆ ತಡವಿದರು. ತಳದಲ್ಲಿ ಪೈಪು ಪೆಟ್ಟಿಗೆಗೂ ದೋಣಿಯ ಗೋಡೆಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು, ಹೆಬ್ಬೆರಳೂ ತೂರಲಿಲ್ಲ. ಪೆಟ್ಟಿಗೆ ಕೂತ ಮೇಲೆ ಅಲ್ಲಿ ಯಾವ ಪೈಪಿಗೂ ಜಾಗವಿರಲಿಲ್ಲ.

“ಬೆಂಕಿ ಆರಿದ ಮೇಲೆ ಇಲ್ಲಿಗೆ ಯಾರು ಇಳಿದಿದ್ರು?”

ದಫೇದಾರನ ಮುಖ ಸಪ್ಪಗಾಯಿತು. “ಮೇಷ್ಟ್ರು. ಬ್ಯಾಟರಿ ಬಿಚ್ಚದಿದ್ರೆ ಮತ್ತೆ ಕಿಡಿ ಹಾರುತ್ತೆ ಅಂದ್ರು. ಕಾವಲಿಗಿದ್ದದ್ದು ನಾನೇ. ಬಿಚ್ಚಿ ನನ್ನ ಕೈಗೇ ಕೊಟ್ರು, ದಂಡೆ ಮೇಲಿಟ್ಟು ಬನ್ನಿ ಅಂದ್ರು.”

“ಅವರ ಹತ್ರ ಚೀಲ ಇತ್ತಾ?”

“ದೊಡ್ಡದೇ ಇತ್ತು.”

“ನೀವು ಇಟ್ಟು ಬಂದ್ರಿ.”

“ಬ್ಯಾಟರಿ ಭಾರ ಇತ್ತು ಮೇಡಂ. ನಿಧಾನಕ್ಕೇ ಬಂದೆ.”

“ಇದನ್ನೂ ನಿಮ್ಮ ಹೇಳಿಕೇಲಿ ಬರೀರಿ.”

ದಫೇದಾರ್ ಪಂಚರ ಎದುರೇ ಕೂತು ಬರೆದ. ತನ್ನ ತಪ್ಪನ್ನು ಒಂದಕ್ಷರವೂ ತೇಲಿಸಲಿಲ್ಲ. ಇಂಥವನು ತನ್ನ ಠಾಣೆಯವನು ಎಂದು ಇನ್ಸ್‌ಪೆಕ್ಟರಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೊರಗೆ ಮಾತ್ರ “ಕಾಗುಣಿತ ನೋಡ್ಕೊಳ್ಳಿ” ಎಂದರು.

ಸಂಜೆ ಐದಕ್ಕೆ ಮೇಷ್ಟ್ರು ಠಾಣೆಗೆ ಬಂದರು. ಬೆರಳ ಗೆರೆಗಳಲ್ಲೆಲ್ಲ ಗ್ರೀಸು. ಕುರ್ಚಿಯಲ್ಲಿ ಕೂತ ರೀತಿ ನೋಡಿದರೆ ಪ್ರಶ್ನೆ ಕೇಳುವವರು ಅವರೇ ಎನ್ನಬೇಕು.

“ಜನರೇಟರ್ ಕೂರಿಸಿದ್ದು ನೀವೇನಾ?”

“ನಾನೇ. ಬೇರೆಯವ್ರ ಕೈಲಿ ಆಗೋ ಕೆಲಸ ಅಲ್ಲ ತಾಯಿ ಅದು.”

“ಬ್ಲೋವರ್ ಪೈಪು?”

“ತಳದವರೆಗೂ ಇತ್ತು. ಇರಬೇಕಾದ ಹಾಗೇ.”

ಜಪ್ತಿ ಮಾಡಿದ ಪೈಪು ಪಕ್ಕದ ಕೋಣೆಯಲ್ಲಿತ್ತು. ಇನ್ಸ್‌ಪೆಕ್ಟರ್ ಅದನ್ನು ತರಿಸಲಿಲ್ಲ.

“ಒಳ್ಳೇದಾಯ್ತು. ಪೈಪು ತಳ ಮುಟ್ಟಿತ್ತು ಅಂದ್ರೆ, ಬ್ಲೋವರ್ ಹಾಕಿದ್ರೆ ಆವಿ ಹೋಗ್ತಿತ್ತು. ಹೋಗಿಲ್ಲ. ಅಂದ್ರೆ ನಿಮ್ಮ ಶಿಷ್ಯ ಬ್ಲೋವರ್ ಹಾಕೇ ಇಲ್ಲ. ಮಾಲೀಕರು ಹೇಳ್ತಿರೋದೂ ಅದೇ. ಹೇಳಿಕೆ ಬರೆಸ್ತೀನಿ, ಸಹಿ ಮಾಡಿ: ‘ಪೈಪು ಸರಿಯಿತ್ತು. ಚಾಲಕ ಸೋಮಾರಿತನದಿಂದ ಬ್ಲೋವರ್ ಹಾಕದೆ ಸ್ವಿಚ್ ಒತ್ತಿದ್ದಾನೆ.’”

ದಫೇದಾರ್ ಪೆನ್ನು ಮುಂದೆ ಹಿಡಿದ. ಮೇಷ್ಟ್ರು ತೆಗೆದುಕೊಳ್ಳಲಿಲ್ಲ.

“ಯಾರು ಸೋಮಾರಿ?” ಕುರ್ಚಿ ಹಿಂದಕ್ಕೆ ಸರಿಯಿತು. “ಅವನಾ? ಬ್ಲೋವರ್ ಹಾಕದೆ ಸ್ವಿಚ್ ಮುಟ್ಟೋನಾ? ನನ್ನ ಕೈಯಲ್ಲಿ ಪಳಗಿದೋನು ರೀ ಅವನು! ಈ ಜೆಟ್ಟೀಲಿ ಎಷ್ಟು ಜನಕ್ಕೆ ಕಲಿಸಿದೀನಿ, ಅವನಂಥೋನು ಒಬ್ಬನಿಲ್ಲ. ಹಾಕಿರ್ತಾನೆ. ಹಾಕೇ ಇರ್ತಾನೆ!”

ಹೇಳಿ ಮುಗಿಸಿದ ಮೇಲೆ ತಾವೇನು ಹೇಳಿದೆವು ಎಂಬುದು ಅವರಿಗೇ ಕೇಳಿಸಿತು. ಮೆಲ್ಲನೆ ಕೂತರು.

“ಹಾಗಿದ್ರೆ ಪೈಪು?” ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ.

“ಕತ್ತರಿಸ್ದೆ. ಪೆಟ್ಟಿಗೆ ಕೂರೋಕೆ ಒಂದು ಗೇಣು ಜಾಗ ಸಾಲ್ತಿರ್ಲಿಲ್ಲ. ಮೇಲೆತ್ತಿ ಕಟ್ಟಿದೆ. ನಿನ್ನೆ ಸುಟ್ಟದ್ದನ್ನ ಕಿತ್ತು ಹೊಸದು ತುರುಕಿದೆ.”

ಚಾಲಕನ ಅಂಗೈಗೆ ತಾಗಿದ್ದು ಮೇಲಿನ ಚೊಕ್ಕ ಗಾಳಿ. ಆವಿ ಪೆಟ್ಟಿಗೆಯ ಅಡಿಯಲ್ಲಿ, ಅವನ ಮೂಗಿಗೂ ಎಟುಕದೆ ಕೂತಿತ್ತು.

“ಬೇರೆ ಕಡೆಯಿಂದ ಇಳಿಸೋಕೆ ಆಗ್ತಿರ್ಲಿಲ್ವಾ?”

“ಆಗ್ತಿತ್ತು. ಎಂಜಿನ್ ಎತ್ತಬೇಕಿತ್ತು, ಇನ್ನೆರಡು ದಿನ ಹಿಡೀತಿತ್ತು. ಸಂಜೆಗೆ ಮುಗಿಸ್ತೀನಿ ಅಂದಿದ್ದೆ, ಎಲ್ಲರ ಮುಂದೆ.”

ಮೇಷ್ಟ್ರನ್ನು ಆರೂವರೆಗೆ ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ, ಸಾಕ್ಷ್ಯನಾಶ. ಚಾಲಕನ ಮೇಲಿನ ಆರೋಪ ಕೈಬಿಡುವಂತೆ ವರದಿ ಹೋಯಿತು. ಆ ಪೆಟ್ಟಿಗೆ ಅಲ್ಲಿ ಕೂರುವುದಿಲ್ಲವೆಂದು ಮೂವರು ಮೆಕ್ಯಾನಿಕ್‌ಗಳು ಮೇಷ್ಟ್ರಿಗಿಂತ ಮೊದಲೇ ಕೈಚೆಲ್ಲಿದ್ದರು ಎಂದು ದಫೇದಾರ್ ವಿಚಾರಿಸಿಕೊಂಡು ಬಂದ. ತನ್ನಿಂದಾಗದು ಎಂಬ ಮಾತನ್ನು ಮೇಷ್ಟ್ರು ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿದವರಲ್ಲ. ಅದನ್ನು ಹೇಳಲಾರದೆ ಪೈಪಿಗೆ ಕತ್ತರಿ ಹಾಕಿದ್ದರು.

ಠಾಣೆಯಿಂದ ಇನ್ಸ್‌ಪೆಕ್ಟರ್ ನೇರ ಆಸ್ಪತ್ರೆಗೆ ಹೋದರು. ವಿಷಯ ಕೇಳಿದ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಂಗೇನು ಹೊಸದಲ್ಲ ಮೇಡಂ ಇದು. ಆ ಮಾಲೀಕರಿಗೆ ಹೇಳಿ, ಗಟ್ಟಿಯಾಗಿ ಹೇಳಿ,” ಎಂದಳು.

ಚಾಲಕ ಮಾತ್ರ, “ಮೇಷ್ಟ್ರು ಬಾಯಿ ಬಿಟ್ಟಿದ್ದು ಹೇಗೆ?” ಎಂದು ಕೇಳಿದ.

ಇನ್ಸ್‌ಪೆಕ್ಟರ್ ಹೇಳಿದರು. ಮೇಷ್ಟ್ರ ಮಾತುಗಳನ್ನು ಒಂದೂ ಬಿಡದೆ, ಅವರು ಹೇಳಿದ ಹಾಗೆಯೇ.

“ಅವನಂಥೋನು ಒಬ್ಬನಿಲ್ಲ ಅಂದ್ರಾ?” ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಇಷ್ಟು ವರ್ಷದಲ್ಲಿ ಒಂದು ಸಲನೂ ನನ್ನ ಮುಂದೆ ಹಾಗಂದಿರ್ಲಿಲ್ಲ ಮೇಡಂ ಅವ್ರು.”