ಮೂರರಿಂದ ಭಾಗವಾಗದ ಹದಿನಾಲ್ಕು

ಬೆಳಗಿನ ಗಂಟೆಯ ನಾದ ಇನ್ನೂ ಅಡಗಿರಲಿಲ್ಲ. ಬಿಸಿನೀರ ಬುಗ್ಗೆಯ ಪಕ್ಕದ ವಸತಿಗೃಹದ ಒಡತಿ ತೋಕಿಯೆ ಏದುಸಿರು ಬಿಡುತ್ತ ನಮ್ಮ ಬುದ್ಧನ ಗುಡಿಗೆ ಬಂದಳು.

"ಮ್ಯೋಶುನ್ ಅಮ್ಮಾ, ಮಾನ ಹೋಯ್ತು! ಕುರಾತಾ ಮೇಷ್ಟ್ರ ಹರಕೆ ಹಲಗೆ ಕಳುವಾಗಿದೆ. ಕೆಲಸದ ಕಿನುನೇ ಕದ್ದಿದ್ದು ಅಂತಾರೆ. ಮಧ್ಯಾಹ್ನದೊಳಗೆ ಸಿಗದಿದ್ರೆ ಆ ಹುಡುಗೀನ ಊರಿಗೆ ಕಳಿಸ್ಬೇಕು."

ಭಿಕ್ಷುಣಿ ಮ್ಯೋಶುನ್ ಅಮ್ಮನವರಿಗೆ ಮೂವತ್ತು ವರ್ಷ ಅನ್ನ ಬೇಯಿಸಿದವಳು ನಾನು, ಫುಸಾ. ಊರಲ್ಲಿ ಏನು ಕಳೆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬುದ್ಧನಿಗೆ ಕೈಮುಗಿದು ನಾವಿಬ್ಬರೂ ತೋಕಿಯೆಯ ಜೊತೆ ವಸತಿಗೃಹಕ್ಕೆ ಹೊರಟೆವು.

ಮೂರನೆಯ ಕೋಣೆ ದಾಟಿ, ಅದರ ಪಕ್ಕದ ಐದನೆಯ ಕೋಣೆಗೆ ಹೋದೆವು. ಮೇಷ್ಟ್ರು ಮುಖ ಊದಿಸಿಕೊಂಡು ಕೂತಿದ್ದರು. ಐವತ್ತು ವರ್ಷ ಪಾಠ ಹೇಳಿದ ನೆನಪಿಗೆ, ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದ ಲೆಕ್ಕವೊಂದನ್ನು ಹಲಗೆಯಲ್ಲಿ ಬರೆದು ಗುಡಿಗೆ ಅರ್ಪಿಸಲು ತಂದಿದ್ದರು. ನಿನ್ನೆ ಸಂಜೆ ಸ್ನಾನಕ್ಕೂ ಅದನ್ನು ಕಂಕುಳಲ್ಲೇ ಒಯ್ದಿದ್ದರಂತೆ. ಮಿಂದು ಬರುವಷ್ಟರಲ್ಲಿ ಬಟ್ಟೆಯ ಬುಟ್ಟಿಯಲ್ಲಿ ಒಂದು ಚೀಟಿ ಮಾತ್ರ ಉಳಿದಿತ್ತು: 'ಹಲಗೆ ಕ್ಷೇಮ. ಒಂದರ ಪಕ್ಕ ಒಂದಿರುವ ಮೂರು ಕೋಣೆ. ಸಂಖ್ಯೆ ಕೂಡಿದರೆ ಹದಿನಾಲ್ಕು. ನಡುವಿನ ಕೋಣೆ ನೋಡಿ.'

ಚೀಟಿಯಿಂದ ಕರ್ಪೂರದ ವಾಸನೆ ಬರುತ್ತಿತ್ತು.

"ಶುದ್ಧ ಸುಳ್ಳು!" ಎಂದರು ಮೇಷ್ಟ್ರು. "ನಡುವಿನದು ಅ ಅಂದ್ಕೊಳ್ಳಿ. ಹಿಂದಿನದು ಒಂದು ಕಮ್ಮಿ, ಮುಂದಿನದು ಒಂದು ಹೆಚ್ಚು. ಕೂಡಿದ್ರೆ ಮೂರು ಅ. ಹದಿನಾಲ್ಕು ಮೂರರಿಂದ ಭಾಗವಾಗುತ್ತಾ? ಓದು ಬಿಟ್ಟವರು ಬರೆದಿದ್ದು ಇದು. ಓದು ಬಿಟ್ಟವಳು ಕಿನು, ಸ್ನಾನದ ಮನೆಗೆ ಟವೆಲ್ ತಂದಿಟ್ಟವಳೂ ಕಿನುನೇ."

"ನಾನು ಬರ್ದಿಲ್ಲ, ಮೇಷ್ಟ್ರೇ," ಎಂದು ಬಾಗಿಲ ಬಳಿ ನಿಂತಿದ್ದ ಕಿನು ಬಿಕ್ಕಿದಳು.

ಅಷ್ಟರಲ್ಲಿ ತೋಕಿಯೆಯ ಮಾವ ಗೆಂಜೋ ತಾತ ಸ್ನಾನ ಮುಗಿಸಿ, ಬರಿ ಹೆಗಲಲ್ಲೇ ಬಂದ. "ತೋಕಿಯೆ, ಹೆಗಲು ನೋವಿಗೆ ಕರ್ಪೂರದ ಪಟ್ಟಿ ಅಂಟಿಸವ್ವ. ಅಯ್ಯೋ, ಕಿನು ಯಾಕಮ್ಮ ಅಳ್ತಾಳೆ?"

ಮ್ಯೋಶುನ್ ಅಮ್ಮ ಮುಗುಳ್ನಕ್ಕು ಎಲ್ಲರನ್ನೂ ಚಹಾಕ್ಕೆ ಕೂರಿಸಿದರು.

"ಮೇಷ್ಟ್ರೇ, ನಿಮ್ಮ ಬೀಜಗಣಿತ ಸರಿ. ಸಂಖ್ಯೆಗಳು ಒಂದೊಂದೇ ಏರ್ತವೆ ಅನ್ನೋ ನಂಬಿಕೆ ತಪ್ಪು. ಫುಸಾ, ಮೂರರ ಪಕ್ಕ ಯಾವ ಕೋಣೆ ದಾಟಿದ್ವಿ?"

"ದಾಟಲಿಲ್ಲ ಅಮ್ಮ. ಮೂರರ ಪಕ್ಕ ಐದೇ," ಎಂದೆ. ನಾಲ್ಕು ಮೃತ್ಯುವಿನ ಸಂಖ್ಯೆಯೆಂದು ನಮ್ಮ ಕಡೆಯ ಯಾವ ವಸತಿಗೃಹವೂ ಕೋಣೆಗೆ ಆ ಸಂಖ್ಯೆ ಇಡುವುದಿಲ್ಲ. ನಮಗದು ಎಷ್ಟು ರೂಢಿಯೆಂದರೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಮೂರರಿಂದ ಭಾಗವಾಗ್ಲಿಲ್ಲ ಅಂದ್ರೆ ಆ ಸಾಲು ನಾಲ್ಕನ್ನ ಹಾರಿರ್ಬೇಕು. ಎರಡು, ಮೂರು, ಐದು ಕೂಡಿದ್ರೆ ಹತ್ತು. ಮೂರು, ಐದು, ಆರು ಕೂಡಿದ್ರೆ ಹದಿನಾಲ್ಕು. ಬೇರೆ ದಾರಿಯಿಲ್ಲ. ನಡುವಿನದು ಐದು."

"ಅಂದ್ರೆ ಇದೇ, ನನ್ನ ಕೋಣೆ!" ಮೇಷ್ಟ್ರು ಎದ್ದು ಮೇಲಿನ ಗೂಡಿಗೆ ಕೈಹಾಕಿದರು. ಹಾಸಿಗೆಬಟ್ಟೆಯ ಹಿಂದೆ ಹಲಗೆ ಸಿಕ್ಕಿತು.

"ಜಾಗ ಹೇಳೋಕೆ ಆ ಮೊತ್ತ ಒಂದೇ ಸಾಕು," ಎಂದರು ಅಮ್ಮ. "ಆದರೆ ಯಾರು ಅಂತ ಹೇಳೋಕೆ ಸಾಲದು. ಇಲ್ಲಿ ನಾಲ್ಕಿಲ್ಲ ಅಂತ ಬಲ್ಲ ಮನೆಯವರು ಅಂತ ಮಾತ್ರ ಗೊತ್ತಾಗುತ್ತೆ. ಅದಕ್ಕೆ ಕರ್ಪೂರದ ವಾಸನೆ ಬೇಕಾಯ್ತು. ಅಲ್ವಾ ತಾತ?"

ತಾತ ತಲೆ ಕೆರೆದುಕೊಂಡ. "ನಿನ್ನೆ ನೀರಿಗಿಳಿಯೋ ಮುಂಚೆ ಈ ಮೇಷ್ಟ್ರು, 'ಈ ಊರಲ್ಲಿ ನನ್ನ ಸೋಲಿಸೋರು ಯಾರಿದಾರೆ' ಅಂದ್ರು. ಅದಕ್ಕೇ ಹಲಗೆ ಬಚ್ಚಿಟ್ಟು ಚೀಟಿ ಬರೆದಿಟ್ಟೆ. ಐದು ನಿಮಿಷದಲ್ಲಿ ಬಿಡಿಸ್ತಾರೆ ಅಂದ್ಕೊಂಡೆ! ರಾತ್ರಿಯೆಲ್ಲ ಕೂತ್ಕೊಂಡು ಈ ಮಗೂನ ಅಳಿಸ್ತಾರೆ ಅಂತ ನನಗೇನು ಗೊತ್ತು? ತಪ್ಪಾಯ್ತು ಕಿನು."

ಮೇಷ್ಟ್ರು ಕಿನುವಿನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಆಮೇಲೆ ಕುಂಚ ತರಿಸಿದರು. ಹಲಗೆಯಲ್ಲಿದ್ದ ಲೆಕ್ಕ ಹೀಗಿತ್ತು: 'ಅನುಕ್ರಮವಾದ ಯಾವುದೇ ಮೂರು ಸಂಖ್ಯೆಗಳ ಮೊತ್ತ ಮೂರರಿಂದ ಭಾಗವಾಗುತ್ತದೆ.' ಅದರ ಕೆಳಗೆ ಅವರು ಬರೆದರು: 'ಈ ಊರಿನ ವಸತಿಗೃಹವನ್ನು ಹೊರತುಪಡಿಸಿ.'

ಮಧ್ಯಾಹ್ನದ ಗಂಟೆ ಬಾರಿಸಿದಾಗ ಹಲಗೆಯನ್ನು ಬುದ್ಧನ ಮುಂದೆ ತೂಗುಹಾಕಿದವಳು ಕಿನು. ಅವಳಿಗೆ ಏಣಿ ಹಿಡಿದವರು ಮೇಷ್ಟ್ರು.