ದಿವಾನರ ಮಂಚ

“ಆ ಮಂಚದ ಮ್ಯಾಲೆ ಜೀವ ಇರೋರು ಮಲಗಂಗಿಲ್ಲ ಮೇಷ್ಟ್ರೇ. ಗೊಂಬೇನೇ ಮಲಗ್ಸಿ, ಕೈ ಮುಗೀತೀನಿ.”

ತಿಮ್ಮಕ್ಕ ನಿಜವಾಗಿಯೂ ಕೈ ಮುಗಿದಳು. ಸತೀಶ್ ನಕ್ಕ. ಬರೀ ನಕ್ಕಿದ್ದರೆ ಹೋಗಲಿ ಎನ್ನಬಹುದಿತ್ತು. ಆ ಹುಲ್ಲಿನ ಗೊಂಬೆಯ ಕತ್ತಿನ ಪಟ್ಟಿ ಹಿಡಿದೆತ್ತಿ, “ಏನಪ್ಪಾ ದಿವಾನ್ ಸಾಹೇಬ, ಡೈಲಾಗ್ ಬರುತ್ತಾ?” ಎಂದು ಕೇಳಿ, ಸುತ್ತ ನಿಂತವರನ್ನೂ ನಗಿಸಲು ನೋಡಿದ. ಯಾರೂ ನಗಲಿಲ್ಲ. ಮೈಸೂರಿನಿಂದ ಅಜ್ಜಂಪುರದ ಕಾಲೇಜಿಗೆ ವರ್ಗವಾಗಿ ಬಂದು ಮೂರು ತಿಂಗಳೂ ತುಂಬದ ಆಸಾಮಿ. ನಾಟಕದ ತರಬೇತಿ ಪಡೆದವನೆಂದು ಗೊತ್ತಾದದ್ದೇ ತಡ, ಊರಿನ ಕಲಾಸಂಘದವರು ಹೋಗಿ ತಮ್ಮ ‘ದಿವಾನರ ಕೊಲೆ’ಯನ್ನು ಅವನ ಕೈಗೆ ಒಪ್ಪಿಸಿಬಿಟ್ಟಿದ್ದರು. ಒಪ್ಪಿಸಬಾರದಿತ್ತು.

ನಾಟಕ ಹಳೆಯದು. ಕಡೂರು, ತರೀಕೆರೆ ಕಡೆಯ ಹಿರಿಯರಲ್ಲಿ ಅದನ್ನು ನೋಡದವರು ಕಡಿಮೆ. ಮೊದಲ ಅಂಕದಲ್ಲೇ ದಿವಾನನ ಹಾಲಿಗೆ ವಿಷ ಬೀಳುತ್ತದೆ. ಅಲ್ಲಿಂದ ಕೊನೆಯವರೆಗೂ ಹೆಣ ರಂಗದ ನಡುವೆ, ಮಂಚದ ಮೇಲೆ, ಮುಸುಕು ಹೊದ್ದು ಮಲಗಿರುತ್ತದೆ. ಅದರ ಸುತ್ತಲೇ ಪತ್ತೇದಾರ ಒಬ್ಬೊಬ್ಬರನ್ನೂ ವಿಚಾರಿಸಿ ಕೊಲೆಗಾರನನ್ನು ಹಿಡಿಯುತ್ತಾನೆ. ಸಂಘದವರ ಪದ್ಧತಿ ಏನೆಂದರೆ, ದಿವಾನ ಸತ್ತೊಡನೆ ಪರದೆ ಇಳಿಸಿ, ಪಾತ್ರಧಾರಿಯನ್ನು ಎಬ್ಬಿಸಿ ಕಳಿಸಿ, ಅವನ ಕೋಟು ತೊಡಿಸಿದ ಹುಲ್ಲಿನ ಗೊಂಬೆಯನ್ನು ಮಲಗಿಸುವುದು. ಆಟ ಮುಗಿದ ಮೇಲೆ ಗೊಂಬೆಯ ಹೊಟ್ಟೆ ಬಿಚ್ಚಿದರೆ, ಬೆಳಿಗ್ಗೆ ತುಂಬಿದ ಹೊಸ ಹುಲ್ಲು ಕಪ್ಪಗೆ ಕೊಳೆತಿರುತ್ತಿತ್ತು. ಅದನ್ನು ಒಮ್ಮೆ ಬಿಚ್ಚಿ ನೋಡಿದವರು ಇನ್ನೊಮ್ಮೆ ನೋಡಲು ಹೋಗುತ್ತಿರಲಿಲ್ಲ.

ಮೂವತ್ತೆರಡು ವರ್ಷದ ಹಿಂದೆ ದಿವಾನನ ಪಾತ್ರಕ್ಕಾಗಿ ಇಬ್ಬರ ನಡುವೆ ಜಿದ್ದು ಬಿದ್ದಿತ್ತು. ಒಬ್ಬ ತಿಮ್ಮಕ್ಕನ ಗಂಡ, ಹುರಿಮೀಸೆಯ ಬೀರಯ್ಯ, ಇನ್ನೊಬ್ಬ ಷಣ್ಮುಖಪ್ಪ. ಪಾರ್ಟು ಬೀರಯ್ಯನಿಗೆ ಸಿಕ್ಕಿತು. ಹೊಟ್ಟೆಕಿಚ್ಚಿಗೆ ಷಣ್ಮುಖಪ್ಪ ಎಲ್ಲಿಂದಲೋ ಮಾಟಗಾರನನ್ನು ಕರೆತಂದು, ರಂಗದ ಮಣ್ಣಿನೊಳಗೆ ಮಂತ್ರ ಬರೆದ ತಗಡು ಹೂಳಿಸಿದ. ಬೀರಯ್ಯ ಹೆಣವಾಗಿ ಮಲಗಿದ. ಪರದೆ ಬಿದ್ದ ಮೇಲೆ ಏಳಲಿಲ್ಲ. ಮಗ ತಿಪ್ಪೇಶ ಆಗ ತಿಮ್ಮಕ್ಕನ ಹೊಟ್ಟೆಯಲ್ಲಿದ್ದ. ತಗಡು ತೆಗೆಸೋಣವೆಂದರೆ ಮಾಟಗಾರ ಸತ್ತ, ಷಣ್ಮುಖಪ್ಪ ಹುಚ್ಚು ಹಿಡಿದು ಸತ್ತ, ಅದರ ಮೇಲೆ ಯಾರೋ ಪುಣ್ಯಾತ್ಮರು ಕಾಂಕ್ರೀಟ್ ಹಾಕಿಸಿಬಿಟ್ಟರು.

“ಅಷ್ಟು ಭಯ ಇದ್ರೆ ಈ ನಾಟಕಾನೇ ಯಾಕೆ ಆಡ್ತೀರಿ?” ಎಂದ ಸತೀಶ್.

“ಆಡ್ದೆ ಬಿಟ್ರೆ ಕೆಳಗಿರೋದು ಹಸ್ಕೊಂಡು ಮ್ಯಾಕೆ ಬತ್ತದೆ ಸ್ವಾಮಿ. ವರ್ಸಕ್ಕೊಂದು ಗೊಂಬೆ ಸಿಕ್ರೆ ಸುಮ್ಕಿರ್ತದೆ. ಕೊನೇ ಪರದೆ ಬೀಳುವಾಗ ಮಂಚದ ಮ್ಯಾಲೆ ಏನಿರ್ತದೋ, ಅದು ಅದ್ರದ್ದು.”

ಈ ಸಲದ ದಿವಾನ ಅದೇ ತಿಪ್ಪೇಶ. ಗೂಡ್ಸ್ ಆಟೋ ಓಡಿಸುವವನು, ನಾಟಕವೆಂದರೆ ಊಟ ಬಿಡುವವನು. ಅವ್ವ ಹೇಳುವುದೆಲ್ಲ ಹಳೇ ಕಾಲದ ಕತೆ ಎಂದು ಅವನಿಗೂ ಒಳಗೊಳಗೇ ನಾಚಿಕೆ. “ಆಯ್ತು ತಿಮ್ಮಕ್ಕ, ಗೊಂಬೇನೇ ಮಲಗಿಸ್ತೀನಿ” ಎಂದು ಸತೀಶ್ ಮಾತು ಕೊಟ್ಟ. ಕೊಡುತ್ತಲೇ ತಿಪ್ಪೇಶನಿಗೆ ಕಣ್ಣು ಹೊಡೆದ. ಮರುದಿನ ಬೆಳಿಗ್ಗೆ ಗೊಂಬೆಯನ್ನು ಚೀಲದಲ್ಲಿ ತುರುಕಿ ಕಸದ ಗಾಡಿಗೆ ಎಸೆದ. ಒಬ್ಬ ತಾಯಿಗೆ ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಲೇ ಇಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಆಟ. ರಂಗಮಂದಿರದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರು. ಹೊರಗೆ ಸುಡುಬಿಸಿಲು, ಒಳಗೆ ಕಗ್ಗತ್ತಲು. ಕಾದ ತಗಡಿನ ಮಾಡು ಟಿಕ್ ಟಿಕ್ ಎನ್ನುತ್ತಿತ್ತು. ಬಾವಲಿ ಹಿಕ್ಕೆ, ಮುಖದ ಪೌಡರು, ಮುನ್ನೂರು ಜನರ ಬೆವರು ಎಲ್ಲ ಬೆರೆತ ಗಾಳಿ. ದಿವಾನ ಹಾಲು ಕುಡಿದು ಸತ್ತ. ಪರದೆ ಇಳಿಯಿತು. ಪತ್ತೇದಾರನ ವೇಷದಲ್ಲಿದ್ದ ಸತೀಶ್ ಕತ್ತಲಲ್ಲಿ ಮಂಚದ ಬಳಿ ಕೂತು, ಜೇಬಿನಿಂದ ಬಿಳಿ ದಾರ ತೆಗೆದು, ತಿಪ್ಪೇಶನ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಿಗಿದ. ತಲೆಯ ಹತ್ತಿರ ಎಣ್ಣೆದೀಪ ಹಚ್ಚಿಟ್ಟ. ಹೆಣಕ್ಕೆ ಮಾಡುವುದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ.

“ನಿಜವಾದ ಹೆಣದ ಥರಾನೇ ಕಾಣ್ಬೇಕು ಕಣೋ. ಅಲ್ಲಾಡಬೇಡ.”

“ಅವ್ವಂಗೆ ಗೊತ್ತಾದ್ರೆ ನನ್ನ ಕೊಂದೇ ಬಿಡ್ತಾಳೆ ಸಾರ್” ಎಂದು ತಿಪ್ಪೇಶ ಮುಸುಕಿನೊಳಗೆ ಕಿಸಕ್ಕನೆ ನಕ್ಕ.

ಪರದೆ ಎದ್ದಿತು. ವಿಚಾರಣೆ ಶುರುವಾಯಿತು. ಅಡುಗೆಯವಳು ಬಂದು ಅತ್ತಳು. ಅಳಿಯ ಬಂದು ಗದರಿದ. ಸತೀಶ್ ಮಂಚದ ಸುತ್ತ ನಡೆಯುತ್ತ ಪ್ರಶ್ನೆ ಹಾಕುತ್ತಿದ್ದ. ಎರಡನೇ ಸುತ್ತಿಗೆ ಒಂದು ವಾಸನೆ ಮೂಗಿಗೆ ಬಡಿಯಿತು. ಈಗಷ್ಟೇ ಅಗೆದ ಮಣ್ಣಿನದು. ಅದರ ಜೊತೆಗೆ ಸುಟ್ಟ ಕೂದಲಿನದು. ಮೂರನೇ ಸುತ್ತಿಗೆ ಹೊದಿಕೆಯ ಕಡೆ ನೋಡಿದ. ಎದೆಯ ಮೇಲೆ ಅದು ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಭೇಷ್, ಉಸಿರು ಹಿಡಿದಿದ್ದಾನೆ ಎಂದುಕೊಂಡ. ಅಳಿಯನ ಮಾತು ಮುಗಿಯಿತು, ಸೊಸೆಯ ಮಾತು ಮುಗಿಯಿತು. ಇಷ್ಟು ಹೊತ್ತು ಯಾರು ಉಸಿರು ಹಿಡಿಯುತ್ತಾರೆ?

ಸುಳಿವು ಹುಡುಕುವ ನೆಪದಲ್ಲಿ ಬಗ್ಗಿ ತಿಪ್ಪೇಶನ ಕೈ ಮುಟ್ಟಿದ. ಬಾವಿಯೊಳಗಿನ ಕಲ್ಲು ಮುಟ್ಟಿದಂತಾಯಿತು. “ತಿಪ್ಪೇಶ” ಎಂದು ಪಿಸುಗುಟ್ಟಿದ. ಆಗ ಬಾಯಿಯ ಜಾಗದಲ್ಲಿ ಹೊದಿಕೆ ಗುಳಿ ಬಿತ್ತು. ಯಾರೋ ಒಳಗಿನಿಂದ ಉಸಿರೆಳೆದುಕೊಂಡರು. ಎಳೆದದ್ದು ಹೊರಗೆ ಬರಲಿಲ್ಲ. ಮತ್ತೆ ಎಳೆದರು. ಮತ್ತೂ ಎಳೆದರು. ಬಟ್ಟೆ ಮುಖಕ್ಕೆ ಅಂಟಿಕೊಂಡು ಮೂಗು, ಕೆನ್ನೆ, ದಪ್ಪ ಹುರಿಮೀಸೆ ಎದ್ದು ಕಂಡವು. ತಿಪ್ಪೇಶನಿಗೆ ಮೀಸೆಯೇ ಇರಲಿಲ್ಲ, ವೇಷಕ್ಕೂ ಅಂಟಿಸಿರಲಿಲ್ಲ.

ಕರೆಂಟ್ ಹೋಯಿತು.

ಇದೂ ನಾಟಕದ್ದೇ ಚಮತ್ಕಾರವೆಂದು ಜನ ಚಪ್ಪಾಳೆ ಹೊಡೆದರು. ಪಾತ್ರಧಾರಿಗಳು ಎಡವಿಕೊಂಡು ಒಳಗೆ ಓಡಿದರು. ದೀಪವೊಂದೇ ಉಳಿಯಿತು, ಅದರ ಕುಡಿ ಗಾಳಿಯಿಲ್ಲದೆಯೇ ಹೆಣದ ಕಡೆಗೆ ಬಾಗಿತ್ತು. ಹೊದಿಕೆ ಬಾಯಿಯೊಳಕ್ಕೆ ಸರಿದಷ್ಟೂ ಕೆಳಗೆ ಕಾಲು ಬಯಲಾಯಿತು. ಒಡೆದ ಹಿಮ್ಮಡಿ. ದಾರ ಕಟ್ಟಿದ ಹೆಬ್ಬೆರಳು.

ಪಕ್ಕದ ಪರದೆಯ ಮರೆಯಿಂದ ತಿಮ್ಮಕ್ಕ ಅದನ್ನು ಕಂಡಳು. ಹೆತ್ತ ಮಗನ ಕಾಲು ಗುರುತು ಸಿಗದೆ ಇರುತ್ತದೆಯೇ? “ಅಯ್ಯೋ ನನ್ ಕಂದಾ!” ಎಂದು ಓಡಿ ಬಂದಳು.

ದಾರ ಕೀಳಲು ನೋಡಿದಳು. ಅದು ಮಾಂಸದೊಳಗೆ ಇಳಿದಿತ್ತು. ಸತೀಶನ ಕಡೆ ತಿರುಗಿದಳು.

“ಗೊಂಬೆ ಎಲ್ಲಿ?”

“ಎಸೆದ್ಬಿಟ್ಟೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗಲೇ ಮೇಲೆ ಕಿರ್ ಎಂದಿತು. ಸತೀಶ್ ತಲೆಯೆತ್ತಿದ. ಪರದೆ ಇಳಿಯುತ್ತಿತ್ತು. ಹಗ್ಗದ ಬಳಿ ಯಾರೂ ಇರಲಿಲ್ಲ. ಗೇಣು ಗೇಣಾಗಿ, ತಾನಾಗಿಯೇ ಇಳಿಯುತ್ತಿತ್ತು.

“ಎತ್ಕೊಂಡು ಓಡೋಣ!” ಎಂದ.

“ಎಲ್ಲಿಗೆ ಓಡ್ತೀರಿ? ಬರೀ ಮಂಚ ಕಂಡ್ರೆ ಮನೆ ಬಾಗಿಲಿಗೇ ಬತ್ತದೆ. ಮನುಸರ ರುಚಿ ಹತ್ತಿದೆ, ಇನ್ನು ಹುಲ್ಲಿಗೆ ಬಗ್ಗಲ್ಲ. ಯಾರಾದ್ರೂ ಮಲಗ್ಬೇಕು.”

ಮಲಗಬೇಕಾದವನು ತಾನು. ಅದು ಸತೀಶನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊಂಬೆ ಎಸೆದವನು ತಾನು. ದಾರ ಬಿಗಿದವನು ತಾನು. ಒಂದು ಹೆಜ್ಜೆ ಮುಂದಿಟ್ಟ. ಮಂಚದ ಮೇಲಿನ ಮುಖ ಹೊದಿಕೆಯೊಳಗೇ ಅವನ ಕಡೆ ಹೊರಳಿತು. ಬಾಯಿ ಅಗಲವಾಯಿತು. ಅವನ ಕಾಲು ನಿಂತುಬಿಟ್ಟಿತು. ಪರದೆ ಎದೆಮಟ್ಟಕ್ಕೆ ಬಂತು.

“ತಿಮ್ಮಕ್ಕ, ನನಗೆ ಹೆಂಡ್ತಿ ಇದ್ದಾಳೆ...”

“ನಂಗೂ ಗಂಡ ಇದ್ದ.”

ಅಷ್ಟೇ ಹೇಳಿದಳು. ಮಗನ ಹೆಗಲಿಗೆ ಕೈ ಹಾಕಿ ಎಳೆದಳು. ಸತೀಶ್ ಅವನ ಕಾಲು ಹಿಡಿದೆಳೆದ. ಆಳು ಎರಡಾಳಿನ ಭಾರವಿದ್ದ. ಕೆಳಗಿನಿಂದ ಏನೋ ಹಿಡಿದುಕೊಂಡಿತ್ತು. ತಿಮ್ಮಕ್ಕ ಮಂಚ ಹತ್ತಿದಳು. ಮಗನ ಪಕ್ಕ ಒರಗಿದಳು. ಭಾರ ತಟ್ಟನೆ ಬಿಟ್ಟಿತು. ತಿಪ್ಪೇಶ ಮಂಚದ ಹಿಂದೆ ಉರುಳಿದ. ಅವನ ಕಾಲಿನ ದಾರ ಸಡಿಲವಾಗಿ ಸತೀಶನ ಕೈಗೇ ಬಂತು.

“ಕಟ್ಟಿ ಮೇಷ್ಟ್ರೇ.”

“ನನ್ನ ಕೈಲಾಗಲ್ಲ ತಿಮ್ಮಕ್ಕ.”

“ಕಟ್ಟಿ! ಬೇಗ!”

ಪರದೆ ಮಂಡಿಗೆ ಬಂತು. ಅವನು ಕಟ್ಟಿದ. ಅಳುತ್ತ ಕಟ್ಟಿದ. ಗಂಟು ಮಾತ್ರ ಸರಿಯಾಗಿ ಬಿತ್ತು. ಮುಸುಕು ಎಳೆದ. ಒಳಗೆ ಅವಳು ಏನೋ ಹೇಳುತ್ತಿದ್ದಳು. ಮಗನ ಹೆಸರಿರಬೇಕು. ಬಾಯಿಯ ಜಾಗದಲ್ಲಿ ಬಟ್ಟೆ ಗುಳಿ ಬಿತ್ತು. ಎಳೆದ ಉಸಿರು ಹೊರಗೆ ಬರಲಿಲ್ಲ.

ಪರದೆ ನೆಲ ಮುಟ್ಟಿತು. ದೀಪ ಆರಿತು.

ಆಚೆ ಕಡೆ ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿಳ್ಳೆ ಹಾಕಿದರು. ಇಂಥ ಆಟ ಈ ಊರಲ್ಲಿ ಆಗಿರಲಿಲ್ಲವಂತೆ, ಆಮೇಲೆ ಹಾಗೇ ಹೇಳಿಕೊಂಡರು. ಕರೆಂಟ್ ಬಂತು. ಮಂಚದ ಹಿಂದೆ ತಿಪ್ಪೇಶ ಕೆಮ್ಮಿದ. ಕೆಮ್ಮುತ್ತಲೇ ಎದ್ದು ಕೂತು, ಕಣ್ಣುಜ್ಜಿಕೊಂಡು ಆ ಸದ್ದಿಗೆ ಕಿವಿಗೊಟ್ಟ. ಮುಖ ಅರಳಿತು.

“ನಿದ್ದೆ ಬಂದ್ಬಿಟ್ಟಿತ್ತು ಕಣ್ರೀ ಸಾರ್, ಸುಳ್ಳು ಹೇಳಲ್ಲ. ಏನ್ ಚಪ್ಪಾಳೆ ಹೊಡೀತಾವ್ರೆ ನೋಡಿ!” ಎಂದ. “ಅವ್ವ ಎಲ್ಲಿ? ನನ್ ಪಾರ್ಟು ನೋಡಿದ್ಲಾ?”

ಸತೀಶ್ ಮಂಚಕ್ಕೆ ಅಡ್ಡವಾಗಿ ನಿಂತಿದ್ದ. ಪಕ್ಕಕ್ಕೆ ಸರಿದು ನಿಂತ.