ಹಳ್ಳ ದಾಟದ ಚಿಕ್ಕಮ್ಮ

ಗಾಜಿನ ಆಚೆ ಚಿಕ್ಕಮ್ಮ ಮತ್ತೆ ಹಳ್ಳಕ್ಕೆ ಬಿದ್ದರು. ಈಚೆ ಕೂತಿದ್ದವನು ಹಲ್ಲು ಕಚ್ಚಿದ. ಪಕ್ಕದಲ್ಲಿದ್ದ ಅವಳಿಗೆ ಅದೂ ಕೇಳಿಸಿತು.

ಚಿಕ್ಕಮ್ಮ ಆಡುತ್ತಿದ್ದ ಆ ವಿಡಿಯೋ ಗೇಮ್ ಮಾಡಿದವನು ಅವನೇ. ಆಟ ಸುಲಭವಾಗಬಾರದೆನ್ನುವ ಅವನನ್ನು ಆಫೀಸೆಲ್ಲ ಕರೆಯುವುದು ಹಾರ್ಡ್‌ಮೋಡ್ ಅಂತ. ಅವಳು ಟೆಸ್ಟ್ ರೂಮಿನ ಒಡತಿ. ಕಂಪನಿ ಮಾರಲಿರುವ ಹೊಸ ಗೇಮ್ ಕನ್ಸೋಲಿನ ಡಬ್ಬದೊಳಗೆ ಈ ಆಟವೂ ಇರಬೇಕೋ ಬೇಡವೋ ಎನ್ನುವುದು ಇವತ್ತಿನ ಈ ಕೊನೆಯ ಟೆಸ್ಟಿನ ಮೇಲೆ ನಿಂತಿತ್ತು. ಜನ್ಮದಲ್ಲಿ ಕಂಟ್ರೋಲರ್ ಮುಟ್ಟದ ಒಬ್ಬರು ಹಳ್ಳ ದಾಟಬೇಕು, ನೋಡುವವರು ತುಟಿ ಬಿಚ್ಚಬಾರದು, ನೆರವಾಗಬಾರದು. ಅದಕ್ಕೇ ಅವಳು ತನ್ನ ಚಿಕ್ಕಮ್ಮನನ್ನು ಕಾಡಿ ಬೇಡಿ ಕರೆತಂದಿದ್ದಳು.

ಹಳ್ಳದ ಹತ್ತಿರ ಒಂದು ಸುಳಿವು ಹಾಕು ಎಂದು ತಿಂಗಳುಗಟ್ಟಲೆ ಗೋಗರೆದಿದ್ದಳು. ಜಪ್ಪಯ್ಯ ಅಂದರೂ ಅವನು ಒಪ್ಪಿರಲಿಲ್ಲ. ನಿಜವಾದ ಗೇಮರ್‌ಗಳಿಗೆ ಸುಳಿವೆಂದರೆ ಅವಮಾನವಂತೆ. ಕನ್ಸೋಲ್ ಕೊಳ್ಳುವ ಮನೆಯಲ್ಲಿ ಅಂಥವನೊಬ್ಬನಿದ್ದರೆ, ಹೊತ್ತು ಕಳೆಯಲು ಆಡುವವರು ನಾಲ್ಕು ಜನ ಇರುತ್ತಾರೆ ಎಂದು ಇವಳು. ಅವರಿಗೆ ಬೇರೆ ಆಟ ಕೊಡಿ ಎಂದು ಅವನು. ಮೇಲಿನ ಮಹಡಿಯಲ್ಲಿದ್ದ ಅವನ ಸೀಟಿಗೇ ಹತ್ತಿ ಹೋಗಿ ಜಗಳವಾಡಿ, ಮುಖ ಕೆಂಪಗೆ ಮಾಡಿಕೊಂಡು ಇಳಿದು ಬರುವುದೇ ಅವಳ ಕೆಲಸವಾಗಿಹೋಗಿತ್ತು. ಜಗಳದ ಮಧ್ಯೆಯೂ ಅವನ ಕಣ್ಣಂಚಿನಲ್ಲೊಂದು ನಗು ಇರುತ್ತಿತ್ತಲ್ಲ, ಅದನ್ನು ಕಂಡರೆ ಇನ್ನಷ್ಟು ಸಿಟ್ಟು.

"ಬೇಡ ಮಗಾ, ನನ್ನ ಕೈಗೆ ಸಿಕ್ಕಿ ನೀನು ಉಳಿಯಲ್ಲ," ಎಂದು ಚಿಕ್ಕಮ್ಮ ಪರದೆಯ ಮೇಲಿನ ಹುಡುಗನಿಗೆ ಹೇಳಿ ಕಂಟ್ರೋಲರ್ ಕೆಳಗಿಟ್ಟರು.

ಅವಳು ತಡೆಯುವಷ್ಟರಲ್ಲಿ ಹಾರ್ಡ್‌ಮೋಡ್ ಬಾಗಿಲು ತಳ್ಳಿ ಒಳಗೆ ಹೋಗಿದ್ದ. ಚಿಕ್ಕಮ್ಮನ ಕಾಲ ಬಳಿ ನೆಲದ ಮೇಲೆ ಕೂತು, ಕಂಟ್ರೋಲರ್ ಕೈಗೆ ಕೊಟ್ಟು, ಅವರ ಹೆಬ್ಬೆರಳನ್ನು ಮೆಲ್ಲಗೆ ಸರಿಯಾದ ಬಟನ್ನಿನ ಮೇಲಿಟ್ಟ. ಪರದೆಯ ಹುಡುಗ ಹಾರಿದ. ಚಿಕ್ಕಮ್ಮ ಕೇಕೆ ಹಾಕಿದರು. ಟೆಸ್ಟ್ ರದ್ದಾಯಿತು.

ಅವನು ಹೊರಬಂದಾಗ ಅವಳಿಗೆ ಅಳು ಬರುವಷ್ಟು ರೇಗಿಹೋಗಿತ್ತು. "ಡಬ್ಬದಿಂದ ನಿನ್ನ ಆಟ ಹೋಯ್ತು, ಗೊತ್ತಾಯ್ತಾ? ಆ ಒಂದು ಸುಳಿವು ಹಾಕೋಕೆ ನಿನಗೇನು ಧಾಡಿಯಾಗಿತ್ತು?"

ಅವನು ಶರ್ಟಿನ ತೋಳು ಮಡಚಿದ, ಮತ್ತೆ ಬಿಚ್ಚಿದ. "ಹಾಕಿದ್ರೆ ನೀನು ಮೇಲೆ ಜಗಳಕ್ಕೆ ಬರ್ತಿರಲಿಲ್ಲ."

ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು. "ಅದಕ್ಕೆ ಇಷ್ಟು ವರ್ಷದ ಕೆಲಸ ಹಾಳು ಮಾಡ್ಕೋತಾರಾ? ಕಾಫಿಗೆ ಕರೆದಿದ್ರೆ ಬರ್ತಿರಲಿಲ್ವಾ ನಾನು?"

"ಬರ್ತಿದ್ಯಾ?"

"ಈಗ ಕೇಳ್ಬೇಡ. ಸಿಟ್ಟಲ್ಲಿದ್ದೀನಿ."

"ಇಳಿಯೋವರೆಗೂ ಕಾಯ್ತೀನಿ."

"ಇಳಿಯಲ್ಲ," ಎಂದಳು, ಹೊರಗಿನ ಬಾಗಿಲನ್ನು ಅವನಿಗಾಗಿ ತೆರೆದು ಹಿಡಿದುಕೊಂಡೇ.